ನೌರು ಬಾವುಟ ನೋಡಿ ಬಂದೆ: ಬರ್ಮಿಂಗ್‌ಹ್ಯಾಮ್ ಗೇಮ್ಸಿನ ಐದು ದಿನ

ಅಕ್ಕನ ಮನೆ ಕವೆಂಟ್ರಿಯಲ್ಲಿ ಇಲ್ದಿದ್ರೆ ಈ ಟ್ರಿಪ್ಪೇ ಆಗ್ತಿರ್ಲಿಲ್ಲ. 2022ರ ಕಾಮನ್‌ವೆಲ್ತ್ ಗೇಮ್ಸ್ ಬರ್ಮಿಂಗ್‌ಹ್ಯಾಮಲ್ಲಿ ಅಂತ ಗೊತ್ತಾದ ದಿನದಿಂದ ತಲೆಲಿ ಕೂತಿತ್ತು, ವೀಸಾ ಟಿಕೆಟ್ ಕಥೆ ಎಲ್ರಿಗೂ ಗೊತ್ತಿರೋದೇ, ಬಿಟ್ಟಾಕ್ತೀನಿ. ಜುಲೈ 29ರ ರಾತ್ರಿ ಅಕ್ಕನ ಮನೆ ಸೋಫಾ ಮೇಲೆ ಬಿದ್ದಾಗ ಓಪನಿಂಗ್ ಸೆರೆಮನಿ ಹಿಂದಿನ ದಿನವೇ ಮುಗಿದಿತ್ತು. ಬರ್ಮುಡಾದ ಫ್ಲೋರಾ ಡಫಿ ಟ್ರಯಥ್ಲಾನ್ ಚಿನ್ನ ಗೆದ್ದಿದ್ದೂ ಅವತ್ತೇ ಮಧ್ಯಾಹ್ನ, ಅದೂ ತಪ್ಪೋಯ್ತು. ಅರವತ್ತು ಚಿಲ್ರೆ ಸಾವಿರ ಜನ ಇರೋ ದೇಶ ಅದು. ಟೋಕಿಯೋದಲ್ಲಿ ಆಕೆ ಗೆದ್ದಾಗ ಸಮ್ಮರ್ ಒಲಿಂಪಿಕ್ಸಲ್ಲಿ ಚಿನ್ನ ಗೆದ್ದ ದೇಶಗಳಲ್ಲೇ ಅತಿ ಕಡಿಮೆ ಜನಸಂಖ್ಯೆಯ ದೇಶ ಅನ್ನಿಸ್ಕೊಂಡಿದ್ದು ಇದೇ ಬರ್ಮುಡಾ.

ನನ್ನ ವಿಷಯ ಒಂಚೂರು ಹೇಳ್ಬೇಕು, ಇಲ್ದಿದ್ರೆ ಮುಂದಿಂದು ಅರ್ಥ ಆಗಲ್ಲ. ನಮ್ದು ಕುಂದಾಪುರ ಕಡೆ, ಡಿಗ್ರಿ ಓದಿದ್ದು ಉಜಿರೆಯಲ್ಲಿ, ಅಲ್ಲಿ 2 ವರ್ಷ ವೇಟ್‌ಲಿಫ್ಟಿಂಗ್ ಮಾಡಿದ್ದೆ. ಮೆಡಲ್ ಗಿಡಲ್ ಏನಿಲ್ಲ, ಆದ್ರೆ ಆ ಟ್ರೈನಿಂಗ್ ಹಾಲ್ ವಾಸನೆ, ಚಾಕ್ ಪುಡಿ, ಬೆವರು, ರಬ್ಬರ್ ಪ್ಲೇಟು, ಮಳೆಗಾಲದಲ್ಲಿ ಎಷ್ಟು ಒರೆಸಿದ್ರೂ ತುಕ್ಕು ಬಿಡದ ಬಾರು, ಅದು ಮೈಗೆ ಹತ್ಕೊಂಡ್ರೆ ಹೋಗೋದಲ್ಲ. ಆಗ ಒಬ್ರು ಸೀನಿಯರ್ ನೌರು ಅನ್ನೋ ದೇಶದ ಬಗ್ಗೆ ಹೇಳಿದ್ರು. ಇಡೀ ದೇಶ 21 ಚದರ ಕಿಲೋಮೀಟರ್ ಅಂತೆ, ಅಲ್ಲಿ ವೇಟ್‌ಲಿಫ್ಟಿಂಗೇ ಎಲ್ಲಾ ಅಂತೆ, ಭಾರ ಎತ್ತಿದ ಮನುಷ್ಯನೇ ಮುಂದೆ ದೇಶದ ಅಧ್ಯಕ್ಷ ಆದನಂತೆ. ನಾನು ನಂಬಿರ್ಲಿಲ್ಲ, ಆಮೇಲೆ ಓದಿ ನೋಡಿದ್ರೆ ಎಲ್ಲಾ ನಿಜ. ಅವತ್ತಿಂದ ಯಾವ ಗೇಮ್ಸ್ ಬಂದ್ರೂ ನೌರುಗೆ ಏನಾಯ್ತು ಅಂತ ಹುಡುಕೋದು ನಂಗೆ ಅಭ್ಯಾಸ ಆಗೋಗಿದೆ.

ಜುಲೈ 30, ಶನಿವಾರ

ಅವತ್ತು ಟ್ರೇನ್ ಡ್ರೈವರ್‌ಗಳ ಮುಷ್ಕರ. ಕವೆಂಟ್ರಿ ಸ್ಟೇಷನ್ನಿಗೆ ಹೋದ್ರೆ ಬೋರ್ಡ್ ಮೇಲೆ ಅರ್ಧ ಟ್ರೇನ್ ಕ್ಯಾನ್ಸಲ್, ಪ್ಲಾಟ್‌ಫಾರ್ಮ್ ತುಂಬ ಬಾವುಟ ಹೊದ್ಕೊಂಡ ಜನ. ಬರ್ಮಿಂಗ್‌ಹ್ಯಾಮ್ ಇಂಟರ್‌ನ್ಯಾಷನಲ್ ಸ್ಟೇಷನ್ ಕವೆಂಟ್ರಿಯಿಂದ ಹತ್ತು ಹನ್ನೆರಡು ನಿಮಿಷದ ದಾರಿ ಅಷ್ಟೇ, ಅಷ್ಟಕ್ಕೆ ಒಂದು ಗಂಟೆ ಕಾದು, ಬಂದ ಟ್ರೇನಲ್ಲಿ ಒಂಟಿ ಕಾಲಲ್ಲಿ ನಿಂತು ಹೋಗಿದ್ದಾಯ್ತು. ಗೇಮ್ಸ್ ಟಿಕೆಟ್ ಇದ್ರೆ ಆ ದಿನ ಅಲ್ಲಿನ ಲೋಕಲ್ ಬಸ್ ಟ್ರೇನ್ ಟ್ರಾಮ್ ಎಲ್ಲಾ ಫ್ರೀ ಅಂತ ಗೊತ್ತಾಗಿದ್ದು ಆಮೇಲೆ, ಅಷ್ಟರಲ್ಲಿ ನಾನು ದುಡ್ಡು ಕೊಟ್ಟಾಗಿತ್ತು. ಇಂಥ ಗೇಮ್ಸಿಗೆ ಹೋಗೋರು ಟಿಕೆಟ್ ಜೊತೆ ಬಂದ ಮೇಲ್ ಪೂರ್ತಿ ಓದಿ. ಸ್ಟೇಷನ್ನಿಂದ ವೇಟ್‌ಲಿಫ್ಟಿಂಗ್ ನಡೆಯೋ ಎನ್‌ಇಸಿ ಅನ್ನೋ ದೊಡ್ಡ ಎಕ್ಸಿಬಿಷನ್ ಸೆಂಟರಿಗೆ ಮುಚ್ಚಿದ ಸೇತುವೆ ಇದೆ, ಹೊರಗೆ ಕಾಲಿಡೋದೇ ಬೇಡ. ಗೇಟಲ್ಲಿ ನೀರಿನ ಬಾಟಲಿ ಖಾಲಿ ಮಾಡ್ಸಿದ್ರು, ಒಳಗೆ ತುಂಬಿಸ್ಕೋಬೋದು.

ನಾನು ಹಾಲ್ 1ರ ಒಳಗೆ ಹೋಗೋ ಹೊತ್ತಿಗೆ 61 ಕೆಜಿಯವರ ಸ್ನ್ಯಾಚ್, ಅಂದ್ರೆ ನೆಲದಿಂದ ಒಂದೇ ಏಟಿಗೆ ತಲೆ ಮೇಲೆ ಎತ್ತೋದು, ನಡೀತಾ ಇತ್ತು. ಹಾಲೆಲ್ಲಾ ಕತ್ತಲೆ, ಪ್ಲಾಟ್‌ಫಾರ್ಮ್ ಮೇಲೆ ಮಾತ್ರ ಬೆಳಕು, ಆ ಬೆಳಕಲ್ಲಿ ಗುರುರಾಜ ಪೂಜಾರಿ. ನಮ್ಮ ವಂಡ್ಸೆ ಕಡೆಯ ಹುಡುಗ, ಭಾರ ಎತ್ತೋಕೆ ಶುರು ಮಾಡಿದ್ದು ಉಜಿರೆಯ ಎಸ್‌ಡಿಎಂ ಕಾಲೇಜಲ್ಲಿ, 2018ರಲ್ಲಿ ಗೋಲ್ಡ್ ಕೋಸ್ಟಲ್ಲಿ 56 ಕೆಜಿಯಲ್ಲಿ ಬೆಳ್ಳಿ ತಂದು ಭಾರತದ ಖಾತೆ ತೆರೆದೋರು. ಟಿವಿಲಿ ನೋಡೋದಕ್ಕೂ ಎದುರು ಕೂತು ನೋಡೋದಕ್ಕೂ ಸಂಬಂಧವೇ ಇಲ್ಲ. ಕೈಗೆ ಚಾಕ್ ಹಚ್ಕೊಂಡು ಎರಡು ಸಲ ಚಪ್ಪಾಳೆ ತಟ್ಟಿದ್ರೆ ಬಿಳಿ ಪುಡಿ ಲೈಟಲ್ಲಿ ಹೊಗೆ ಥರ ಏಳುತ್ತೆ, ಬಗ್ಗಿ ಬಾರ್ ಹಿಡಿಯುವಾಗ ಹೆಬ್ಬೆರಳು ಮೊದ್ಲು ಒಳಗೆ ಹೋಗುತ್ತೆ, ಉಳಿದ ಬೆರಳು ಅದರ ಮೇಲೆ ಕೂತು ಬೀಗ ಹಾಕ್ದಂಗೆ ಒತ್ಕೊಳ್ಳುತ್ತೆ. ನೋಯುತ್ತೆ ಅದು. ಹೊಸಬರು ಮೊದಲ ವಾರ ಅಳ್ತಾರೆ, ಉಗುರು ಕಪ್ಪಾಗುತ್ತೆ. ಆ ಹಿಡಿತ ನೋಡಿದ ತಕ್ಷಣ ನನ್ನ ಹೆಬ್ಬೆರಳು ತಾನಾಗೇ ಮಡಚ್ಕೊಂಡಿತ್ತು.

ಸ್ನ್ಯಾಚಲ್ಲಿ 118. ಆಮೇಲೆ ಕ್ಲೀನ್ ಅಂಡ್ ಜರ್ಕ್, ಅಂದ್ರೆ ಮೊದ್ಲು ಭುಜಕ್ಕೆ, ಅಲ್ಲಿಂದ ತಲೆ ಮೇಲೆ ಎತ್ತೋದು, ಕೊನೇ ಲಿಫ್ಟಿಗೆ 151 ಹಾಕ್ಸಿದ್ರು. ಕೆನಡಾದ ಯೂರಿ ಸಿಮಾರ್ಡ್ ಒಟ್ಟು 268 ಮಾಡಿದ್ದ, ಇವರು 151 ಎತ್ತಿದ್ರೆ 269. ಒಂದೇ ಒಂದು ಕೆಜಿ. ಎತ್ತಿದ್ರು, ಮೂರೂ ಲೈಟ್ ಬಿಳಿ, ಅಂದ್ರೆ ಲಿಫ್ಟ್ ಸರಿ. ಕಂಚು ನಮಗೆ. ನಾನು ಕೂಗಿದ ಕೂಗಿಗೆ ಮುಂದಿನ ಸಾಲಿನ ಮಗು ಎದ್ದು ತಿರುಗಿ ನೋಡ್ತು. ಬೆಳ್ಳಿ ಬಂದಿದ್ದು ಪಪುವಾ ನ್ಯೂಗಿನಿಯ ಮೊರಿಯಾ ಬಾರುಗೆ, ಚಿನ್ನ ಮಲೇಷ್ಯಾಕ್ಕೆ. ಮನೆಗೆ ಫೋನ್ ಮಾಡಿದ್ರೆ ಅಮ್ಮ ಹೇಳಿದ್ದು, ಊರಲ್ಲಿ ಆಗ್ಲೇ ಪಟಾಕಿ ಹೊಡಿತಾ ಇದ್ದಾರೆ ಅಂತ.

ಜುಲೈ 31, ಭಾನುವಾರ

ಬೆಳಿಗ್ಗೆಯಿಂದ ಮಳೆ. ನಮ್ಮ ಮಳೆ ಅಲ್ಲ, ಜಿಟಿಜಿಟಿ ಅಂತ ಮನಸ್ಸಿಲ್ಲದ ಮಳೆ. ಆದ್ರೆ ಅಲ್ಲಿನ ಜನಕ್ಕೆ ಅದೇ ದೊಡ್ಡ ಖುಷಿ, ಯಾಕಂದ್ರೆ ಹತ್ತು ಹನ್ನೆರಡು ದಿನದ ಹಿಂದೆ ಇಂಗ್ಲೆಂಡಲ್ಲಿ ಮೊದಲ ಸಲ 40 ಡಿಗ್ರಿ ದಾಟಿತ್ತು, ಪಾರ್ಕುಗಳ ಹುಲ್ಲೆಲ್ಲಾ ಬೇಸಿಗೆಯ ಬಯಲುಸೀಮೆ ಥರ ಹಳದಿಯಾಗಿತ್ತು. ಎಜ್‌ಬಾಸ್ಟನ್ನಲ್ಲಿ ಭಾರತ ಪಾಕಿಸ್ತಾನ ಮಹಿಳಾ ಟಿ20, ಮಳೆಯಿಂದ ಲೇಟಾಗಿ 18 ಓವರಿಗೆ ಇಳೀತು. ನಂಗೆ ಟಿಕೆಟ್ ಸಿಕ್ಕಿರ್ಲಿಲ್ಲ, ಸೆಂಟಿನರಿ ಸ್ಕ್ವೇರಿಗೆ ಹೋಗಿ ಓಪನಿಂಗಲ್ಲಿ ಬಂದಿದ್ದ ದೊಡ್ಡ ಗೂಳಿ ನೋಡ್ಕೊಂಡು ಬಂದೆ. 10 ಮೀಟರ್ ಎತ್ತರದ ಯಂತ್ರದ ಗೂಳಿ, ತಲೆ ಆಡಿಸುತ್ತೆ. ಆ ಊರ ಪಕ್ಕದಲ್ಲಿ ಕಬ್ಬಿಣದ ಸರಪಳಿ ಮಾಡ್ತಿದ್ದ ಹೆಂಗಸರು ಕೂಲಿಗಾಗಿ ಹೋರಾಟ ಮಾಡಿದ್ರು, ಗೂಳಿಯ ಕಥೆ ಹುಟ್ಟಿದ್ದು ಅದರಿಂದ.

ಸಂಜೆ ಭಾವ ಲೇಡಿಪೂಲ್ ರೋಡಿಗೆ ಕರ್ಕೊಂಡೋದ್ರು. ಬಾಲ್ಟಿ ತಿನ್ದೆ ಬರ್ಮಿಂಗ್‌ಹ್ಯಾಮ್ ಬಿಡ್ಬೇಡಿ. ತೆಳು ಉಕ್ಕಿನ ಬೋಗುಣಿ, ಜೋರು ಉರಿ ಮೇಲೆ ಅದರಲ್ಲೇ ಬೇಯಿಸಿ ಅದರಲ್ಲೇ ತಂದಿಡ್ತಾರೆ, ಟೇಬಲಿಗೆ ಬಂದ್ಮೇಲೂ ಅಂಚಲ್ಲಿ ಎಣ್ಣೆ ಚುರುಚುರು ಅಂತಿರುತ್ತೆ, ಚಮಚ ಕೇಳ್ಬೇಡಿ, ನಾನ್ ಹರಿದು ಅದ್ಕೊಂಡು ತಿನ್ನೋದು. ನಾನು ಒಬ್ಬನಿಗೆ ಒಂದು ಅಂತ ಆರ್ಡರ್ ಮಾಡಿದ ನಾನ್ ಬಂದಿದ್ದು ಟೇಬಲ್ಲಿನಷ್ಟೇ ಉದ್ದ. ನಾಲ್ಕು ಜನಕ್ಕೆ ಒಂದು ಸಾಕು.

ಅಲ್ಲಿ ಬಡಿಸ್ತಾ ಇದ್ದೋರು ಪಾಕಿಸ್ತಾನದ ಕಡೆ ಇರೋ ಕಾಶ್ಮೀರದ ಮೀರ್‌ಪುರ ಮೂಲದ ಅರವತ್ತರ ಮನುಷ್ಯ. ಅಷ್ಟರಲ್ಲಿ ಎಜ್‌ಬಾಸ್ಟನ್ ಮುಗಿದು ಎರಡೂ ಕಡೆಯೋರು ಬಂದು ಹೋಟೆಲ್ ತುಂಬಿತ್ತು, ಸ್ಮೃತಿ ಮಂಧಾನ ಔಟಾಗದೆ 63 ಹೊಡೆದು ಮುಗಿಸಿದ್ದು. ಅವರು ಬೇಸರ ಇಲ್ದೆ ಶುಭಾಶಯ ಹೇಳಿ, ಮತ್ತೆ ಯಾವ ಆಟ ನೋಡ್ತೀರಿ ಅಂದ್ರು. ಮಂಗಳವಾರ ನೌರು ಹುಡುಗಿ ಲಿಫ್ಟ್ ಮಾಡ್ತಾಳೆ, ಅದಕ್ಕೆ ಹೋಗ್ತೀನಿ ಅಂದೆ. ಅವರು ನೌರು ಅಂದ್ರೆ ಏನು ಅಂತ ಕೇಳ್ಲಿಲ್ಲ, "ಫಾಸ್ಫೇಟ್" ಅಂದ್ರು. ಚಿಕ್ಕವರಿದ್ದಾಗ ಅಪ್ಪ ಗೊಬ್ಬರದ ಅಂಗಡಿ ಇಟ್ಟಿದ್ರಂತೆ, ಆಗ ಕೇಳಿದ ಹೆಸರಂತೆ. ಈ ಪ್ರಪಂಚದಲ್ಲಿ ಯಾರ ತಲೆಲಿ ಯಾವ ಊರು ಎಲ್ಲಿಂದ ಬಂದು ಕೂತಿರುತ್ತೋ.

ಆಗಸ್ಟ್ 1, ಸೋಮವಾರ

ಲೆಮಿಂಗ್ಟನ್ ಸ್ಪಾ, ಲಾನ್ ಬೌಲ್ಸ್ ಆಟ ನಡೀತಿದ್ದ ಊರು. ಕವೆಂಟ್ರಿಯಿಂದ ಕೆನಿಲ್‌ವರ್ತ್ ಮೇಲೆ ಸಣ್ಣ ಟ್ರೇನ್ ಹೋಗುತ್ತೆ, ದಾರಿ ಉದ್ದಕ್ಕೂ ಗೋಧಿ ಕುಯ್ದ ಗದ್ದೆ. ಸ್ಟೇಷನ್ನಿಂದ ವಿಕ್ಟೋರಿಯಾ ಪಾರ್ಕಿಗೆ ನಡೆದೇ ಹೋಗ್ಬೋದು, ಲೆಮ್ ನದಿ ಪಕ್ಕ ಒಳ್ಳೆ ನೆರಳಿದೆ, ಬಿಳಿ ಬಿಳಿ ಹಳೇ ಕಟ್ಟಡಗಳು.

ಗೇಟ್ ಹತ್ರ ಬಂದು ಟಿಕೆಟ್ ತೋರ್ಸೋಣ ಅಂದ್ರೆ ಫೋನ್ ಸತ್ತೋಗಿದೆ. ರಾತ್ರಿ ಚಾರ್ಜಿಗೆ ಹಾಕಿದ್ದೆ, ಗೋಡೆ ಸ್ವಿಚ್ ಆನ್ ಆಗಿರ್ಲಿಲ್ಲ. ಟಿಕೆಟ್ ಎಲ್ಲಾ ಫೋನಲ್ಲೇ, ಪೇಪರ್ ಇಲ್ಲ. ಒಳಗೆ ಭಾರತದ ಹೆಂಗಸರ ಸೆಮಿಫೈನಲ್ ನಡೀತಾ ಇದೆ, ಕೂಗು ಕೇಳ್ತಾ ಇದೆ, ನಾನು ಹೊರಗೆ. ವಾಲಂಟಿಯರ್ ಒಬ್ರು, ರಿಟೈರ್ಡ್ ಟೀಚರ್ ಅಂತೆ, ತಮ್ಮ ಪವರ್ ಬ್ಯಾಂಕ್ ಕೊಟ್ಟು, ನೆರಳಲ್ಲಿ ತಮ್ಮ ಕುರ್ಚಿ ಕೊಟ್ಟು, ಒಂದು ಬಿಸ್ಕೆಟ್ಟೂ ಕೊಟ್ರು. ಇಪ್ಪತ್ತು ನಿಮಿಷ ಹೋಯ್ತು. ಟಿಕೆಟ್ಟಿನ ಸ್ಕ್ರೀನ್‌ಶಾಟ್ ಮನೆಯವರ ಫೋನಲ್ಲೂ ಇರ್ಲಿ, ಪವರ್ ಬ್ಯಾಂಕ್ ಮರೀಬೇಡಿ, ಇಷ್ಟು ನಾನು ಕಲಿತಿದ್ದು.

ಪಾರ್ಕೆಲ್ಲಾ ಒಣಗಿದ ಹುಲ್ಲು, ನಡುವೆ ಆ ಬೌಲ್ಸ್ ಗ್ರೀನ್‌ಗಳು ಮಾತ್ರ ಬಿಲಿಯರ್ಡ್ಸ್ ಟೇಬಲ್ ಥರ ಹಸಿರು. ಆಟ ನೋಡೋಕೆ ಸುಲಭ, ಜ್ಯಾಕ್ ಅಂತ ಒಂದು ಸಣ್ಣ ಬಿಳಿ ಚೆಂಡು, ಅದರ ಹತ್ರ ನಿಮ್ಮ ದೊಡ್ಡ ಚೆಂಡು ನಿಲ್ಲಿಸ್ಬೇಕು. ಆದ್ರೆ ದೊಡ್ಡ ಚೆಂಡು ಪೂರ್ತಿ ದುಂಡಗಿರಲ್ಲ, ಒಂದು ಕಡೆಗೆ ವಾಲೋ ಹಂಗೆ ಮಾಡಿರ್ತಾರೆ, ಅದಕ್ಕೆ ನೇರ ಹೋಗಲ್ಲ. ಎಲ್ಲೋ ದೂರಕ್ಕೆ ಬಿಟ್ಟಂಗೆ ಬಿಡ್ತಾರೆ, ಅದು ನಿಧಾನ ಆಗ್ತಾ ಆಗ್ತಾ ಮನೆ ನೆನಪಾದ ಹಸು ಥರ ತಿರುಗಿ ಜ್ಯಾಕ್ ಕಡೆ ಬರುತ್ತೆ. ನಮ್ಮ ನಾಲ್ವರು, ಲವ್ಲಿ ಚೌಬೆ, ಪಿಂಕಿ, ನಯನ್‌ಮೋನಿ ಸೈಕಿಯಾ, ರೂಪಾ ರಾಣಿ ಟಿರ್ಕಿ, ನ್ಯೂಜಿಲೆಂಡನ್ನ 16-13ಕ್ಕೆ ಸೋಲಿಸಿದ್ದನ್ನ ಕೊನೆ ಭಾಗ ಮಾತ್ರ ನೋಡಿದೆ, ಅಷ್ಟಕ್ಕೇ ಕಣ್ಣು ತುಂಬಿ ಬಂತು.

ಕ್ವಾರ್ಟರ್ ಫೈನಲಲ್ಲಿ ನಮ್ಮೋರು ಸೋಲಿಸಿದ್ದು ನಾರ್ಫೋಕ್ ಐಲೆಂಡನ್ನ. ಆಸ್ಟ್ರೇಲಿಯಾಗೆ ಸೇರಿದ, ಎರಡು ಸಾವಿರ ಚಿಲ್ರೆ ಜನ ಇರೋ ದ್ವೀಪ. ಟೀ ಕ್ಯೂನಲ್ಲಿ ನನ್ನ ಮುಂದೆ ನಿಂತಿದ್ದ ಹೆಂಗಸು ಅಲ್ಲಿಯವರೇ, ತಂಡದ ಜೊತೆ ಬಂದೋರು. ಇಂಡಿಯಾ ಶರ್ಟ್ ನೋಡಿ "ನೀವೇ ಅಲ್ವಾ ನಮ್ಮನ್ನ ಮನೆಗೆ ಕಳ್ಸಿದ್ದು" ಅಂತ ನಕ್ಕು, ನನ್ನ ಟೀಗೂ ಅವರೇ ದುಡ್ಡು ಕೊಟ್ರು. 1856ರಲ್ಲಿ ಪಿಟ್‌ಕೇರ್ನ್ ದ್ವೀಪದಿಂದ ಬಂದ ಜನರ ವಂಶದವರು ಅಲ್ಲಿ ತುಂಬ ಜನ, ಅದಕ್ಕೆ ಅವರಲ್ಲಿ ಇರೋದೇ ಕೆಲವೇ ಸರ್‌ನೇಮು. ಒಂದೇ ಹೆಸರು ಒಂದೇ ಸರ್‌ನೇಮಿನ ಜನ ಜಾಸ್ತಿ ಇರೋದ್ರಿಂದ ಅಲ್ಲಿನ ಫೋನ್ ಡೈರೆಕ್ಟರಿಯಲ್ಲಿ ಅಡ್ಡಹೆಸರನ್ನೇ ಪ್ರಿಂಟ್ ಮಾಡ್ತಾರಂತೆ. ನಮ್ಮೂರಲ್ಲೂ ಹಂಗೇ, ಶೀನ ಅಂತ ಕೂಗಿದ್ರೆ ಹತ್ತು ಜನ ತಿರುಗ್ತಾರೆ, ಮನೆ ಹೆಸರು ಸೇರ್ಸಿ ಕೆಳಮನೆ ಶೀನ, ಬಾವಿಕಟ್ಟೆ ಶೀನ ಅಂತ ಕರೀಬೇಕು ಅಂತ ನಾನಂದೆ. ಅವರಿಗೆ ಅದು ಎಷ್ಟು ಇಷ್ಟ ಆಯ್ತು ಅಂದ್ರೆ ಗೆಳತಿಯನ್ನ ಕರೆದು ಇನ್ನೊಂದ್ಸಲ ಹೇಳ್ಸಿದ್ರು.

ಅವರು ಹೇಳಿದ ಒಂದು ಮಾತು ತಲೆಲಿ ಉಳೀತು. ಒಲಿಂಪಿಕ್ಸಲ್ಲಿ ನಾರ್ಫೋಕ್ ಐಲೆಂಡ್ ಅಂತ ಇಲ್ಲ, ಇಂಗ್ಲೆಂಡ್ ಫ್ರಾನ್ಸ್ ನಡುವಿನ ದ್ವೀಪಗಳಾದ ಜರ್ಸಿ ಇಲ್ಲ, ಗರ್ನ್ಸಿ ಇಲ್ಲ, ಪೆಸಿಫಿಕ್ಕಿನ ಪುಟ್ಟ ದೇಶ ನಿಯುವೆ ಇಲ್ಲ. ತಮ್ಮ ಬಾವುಟ ಹಿಡ್ಕೊಂಡು ದೊಡ್ಡ ಸ್ಟೇಡಿಯಮ್ಮಿಗೆ ನಡೆದು ಬರೋಕೆ ಅವರಿಗೆ ಇರೋ ದೊಡ್ಡ ಜಾಗ ಇದೊಂದೇ. ಕಾಮನ್‌ವೆಲ್ತ್ ಗೇಮ್ಸ್ ಇನ್ಯಾಕೆ ಬೇಕು, ಬ್ರಿಟಿಷರ ಕಾಲದ್ದು ಅಂತ ನಾನೂ ಎಷ್ಟೋ ಸಲ ವಾದ ಮಾಡಿದ್ದೀನಿ. ಆ ವಾದಕ್ಕೆ ಈಗ್ಲೂ ತೂಕ ಇದೆ, ಆದ್ರೆ ಇನ್ಮೇಲೆ ವಾದ ಮಾಡುವಾಗ ಟೀ ಕೊಡಿಸಿದ ಈ ಹೆಂಗಸಿನ ಮುಖ ಅಡ್ಡ ಬರುತ್ತೆ.

ಅವತ್ತೇ ಮಹಿಳಾ ಸಿಂಗಲ್ಸ್ ಫೈನಲಲ್ಲಿ ಗರ್ನ್ಸಿಯ ಲೂಸಿ ಬಿಯರ್, ಆಸ್ಟ್ರೇಲಿಯಾದ ಎಲೆನ್ ರಯಾನ್ ಎದುರು 17-21ರಲ್ಲಿ ಸೋತ್ರು. ಸೋತ್ರು ಅನ್ನೋ ಪದವೇ ತಪ್ಪು, 28 ವರ್ಷದ ಮೇಲೆ ಗರ್ನ್ಸಿಗೆ ಬಂದ ಮೆಡಲ್ ಅದು. ಹಸಿರು ಬಾವುಟ, ಬಿಳಿ ಬಾವುಟ ಏನೇನೋ ಬೀಸ್ತಾ ಹತ್ತಿಪ್ಪತ್ತು ಜನ ಕೂಗ್ತಾ ಇದ್ರು, ಅವರ ದನಿ ಇಡೀ ಪಾರ್ಕಿಗೆ ಕೇಳ್ತಿತ್ತು.

ಆಗಸ್ಟ್ 2, ಮಂಗಳವಾರ

ಇದೇ ನಾನು ಕಾಯ್ತಿದ್ದ ದಿನ. ಬೆಳಿಗ್ಗೆ ಬೇಗ ಎನ್‌ಇಸಿ, ಅದೇ ಹಾಲ್ 1, ಮಹಿಳೆಯರ 76 ಕೆಜಿ. ಈ ಸಲ ಸೀಟು ಪ್ಲಾಟ್‌ಫಾರ್ಮಿಗೆ ಹತ್ರ. ಭಾರತದ ಪೂನಂ ಯಾದವ್, ಕೆನಡಾದ ಮಾಯಾ ಲೇಲರ್, ನೈಜೀರಿಯಾದ ತೈವೊ ಲಿಯಾಡಿ, ಮತ್ತೆ ನೌರುವಿನ ಮ್ಯಾಕ್ಸಿಮಿನಾ ಉಯೆಪಾ. ಹೆಸರು ಸ್ಕ್ರೀನ್ ಮೇಲೆ ಬಂದಾಗ ಪಕ್ಕದಲ್ಲಿ ಆ ಬಾವುಟ. ನೀಲಿ ಬಣ್ಣ, ನಡುವೆ ತೆಳು ಹಳದಿ ಗೆರೆ, ಗೆರೆ ಕೆಳಗೆ ಬಿಳಿ ನಕ್ಷತ್ರ. ಗೆರೆ ಅಂದ್ರೆ ಭೂಮಧ್ಯರೇಖೆ, ನಕ್ಷತ್ರ ಅಂದ್ರೆ ನೌರು, ರೇಖೆಯ ಸ್ವಲ್ಪ ಕೆಳಗೆ ಇರೋ ದೇಶ ಅಂತ. ನಕ್ಷತ್ರಕ್ಕೆ 12 ಮೂಲೆ, ಅಲ್ಲಿನ 12 ಕುಲಕ್ಕೆ. ದೇಶದ ವಿಳಾಸವನ್ನೇ ಬಾವುಟದ ಮೇಲೆ ಬರೆದಂಗೆ.

ಸ್ನ್ಯಾಚಲ್ಲಿ ಪೂನಂ 98 ಎತ್ತಿ ಉಯೆಪಾಗಿಂತ ಮುಂದಿದ್ರು, ಉಯೆಪಾ 96. ನಮ್ಮ ಕಡೆ ಡೋಲು, ಪೀಪಿ. ಬ್ರೇಕ್ ಆದ್ಮೇಲೆ ಕ್ಲೀನ್ ಅಂಡ್ ಜರ್ಕ್. ಪೂನಂ ಮೊದಲ ಪ್ರಯತ್ನ ಫೇಲ್, ಎರಡನೇದೂ ಫೇಲ್. ಮೂರನೇ ಸಲ ಭಾರ ತಲೆ ಮೇಲೆ ಹೋಯ್ತು, ನಾವೆಲ್ಲಾ ಎದ್ದು ನಿಂತ್ವಿ, ಆದ್ರೆ ಬಜರ್ ಬರೋ ಮುಂಚೆ ಬಾರ್ ಕೆಳಗೆ ಬಿಟ್ರು. ಎತ್ತಿದ್ರೆ ಸಾಕಾಗಲ್ಲ, ಕೈ ಕಾಲು ಸ್ಥಿರ ಆಗಿ ಇಳಿಸು ಅಂತ ಸಿಗ್ನಲ್ ಬರೋ ತನಕ ಹಿಡೀಬೇಕು, ಆ ಅರ್ಧ ಸೆಕೆಂಡೇ ಇಡೀ ಆಟ. ಕೆಂಪು ಲೈಟು. ಭಾರತ ಪ್ರೊಟೆಸ್ಟ್ ಮಾಡಿದ್ರೂ ನಡೀಲಿಲ್ಲ. ನಾಲ್ಕು ವರ್ಷದ ಕೆಲ್ಸ ಅರ್ಧ ಸೆಕೆಂಡಲ್ಲಿ ಹೋಗೋದನ್ನ ಇಷ್ಟು ಹತ್ರದಿಂದ ನೋಡ್ಬಾರ್ದು. ನಮ್ಮ ಕಡೆ ಡೋಲು ನಿಂತೋಯ್ತು. ಕೆಲವರು ಎದ್ದು ಹೋದ್ರು, ನಂಗೆ ಅದು ಸರಿ ಅನ್ನಿಸ್ಲಿಲ್ಲ.

ಯಾಕಂದ್ರೆ ಆಮೇಲೆ ಉಯೆಪಾ ಬಂದ್ಲು. 119. ಬಾರ್ ಹತ್ರ ನಿಂತು ಒಂದು ಸಲ ಮೇಲೆ ನೋಡಿ, ಬಗ್ಗಿ ಹಿಡಿದು, ಕ್ಲೀನ್ ಮಾಡಿ ಕೂತಲ್ಲಿಂದ ಏಳುವಾಗ ತೊಡೆ ನಡುಗ್ತಾ ಇದ್ದದ್ದು ನಾನು ಕೂತಲ್ಲಿಗೆ ಕಾಣ್ತಿತ್ತು. ಎದ್ದು ನಿಂತು ಉಸಿರು ತಗೊಂಡು, ಜರ್ಕ್. ಕೈ ಲಾಕ್. ಕಾಲು ಜೋಡ್ಸಿದ್ಲು. ಹಿಡಿದ್ಲು, ಹಿಡಿದೇ ಇದ್ಲು. ಬಿಳಿ ಲೈಟ್. ಒಟ್ಟು 215. ಬೆಳ್ಳಿ ಗೆದ್ದ ಲಿಯಾಡಿ 216, ಒಂದು ಕೆಜಿ ಮುಂದೆ ಅಷ್ಟೇ. ಚಿನ್ನದ ಲೇಲರ್ 228, ಅವರದು ಬೇರೆ ಮಟ್ಟ. ಕಂಚು ನೌರುಗೆ. ನಾನು ಇಂಡಿಯಾ ಶರ್ಟ್ ಹಾಕ್ಕೊಂಡು ನೌರು ನೌರು ಅಂತ ಕೂಗ್ತಾ ಇದ್ದೆ, ಗಂಟಲು ಕಟ್ಟೋ ತನಕ. ಪೂನಂಗೋಸ್ಕರ ಅಳು ಬರ್ತಿತ್ತು, ಈಕೆಗೋಸ್ಕರ ಖುಷಿ ಆಗ್ತಿತ್ತು, ಎರಡೂ ಒಟ್ಟಿಗೇ.

ಹೊರಗೆ ಬಂದಾಗ ಕಾಫಿ ಕ್ಯೂನಲ್ಲಿ ನೌರು ಬಾವುಟ ಹೆಗಲಿಗೆ ಹಾಕ್ಕೊಂಡ ಹೆಂಗಸು, ಐವತ್ತೈದು ಆಗಿರ್ಬೋದು, ಫೋನಲ್ಲಿ ಅಳ್ತಾ ನಗ್ತಾ ಮಾತಾಡ್ತಿದ್ರು. ಮುಗಿಯೋ ತನಕ ಕಾದು ಹೋಗಿ ಅಭಿನಂದನೆ ಹೇಳ್ದೆ. ಹುಟ್ಟಿದ್ದು ನೌರುವಿನಲ್ಲಿ, ಈಗ ಇರೋದು ಮೆಲ್ಬರ್ನ್ ಹತ್ರ ಅಂತೆ. ಒಂದು ಗಂಟೆ ಮಾತಾಡಿದ್ವಿ, ಕಾಫಿ ಆರಿ ಹೋಯ್ತು.

ದ್ವೀಪದ ಸುತ್ತ ಒಂದೇ ರಸ್ತೆ, 19 ಕಿಲೋಮೀಟರ್ ಹತ್ರ, ಕಾರಲ್ಲಿ ಅರ್ಧ ಗಂಟೆಗೆ ಹೊರಟಲ್ಲಿಗೇ ವಾಪಸ್. ಏರ್‌ಪೋರ್ಟ್ ರನ್‌ವೇ ಆ ರಸ್ತೆ ಪಕ್ಕದಲ್ಲೇ. ಜನ ಇರೋದೆಲ್ಲಾ ಅಂಚಲ್ಲಿ, ನಡುವಿನ ಎತ್ತರದ ಜಾಗಕ್ಕೆ ಟಾಪ್‌ಸೈಡ್ ಅಂತಾರೆ, ಅಲ್ಲಿಂದ ಫಾಸ್ಫೇಟ್ ತೆಗೆದು ತೆಗೆದು ಈಗ ಸುಣ್ಣದ ಕಲ್ಲಿನ ಗೂಟಗಳು ಮಾತ್ರ ನಿಂತಿವೆ, ಕಾಲಿಡೋಕೂ ಆಗಲ್ಲ. ಆ ಮಣ್ಣು ಆಸ್ಟ್ರೇಲಿಯಾ ನ್ಯೂಜಿಲೆಂಡಿನ ಹೊಲಕ್ಕೆ ಹೋಯ್ತು, ಒಂದು ಕಾಲದಲ್ಲಿ ದುಡ್ಡೂ ಹೊಳೆ ಥರ ಬಂತು, ಆಮೇಲೆ ಎರಡೂ ಖಾಲಿ. ಅವರು ಇದನ್ನ ದೂರೋ ಹಂಗೆ ಹೇಳ್ಲಿಲ್ಲ, ಅಜ್ಜಿ ಮನೆ ತೋಟ ಮಾರಿದ ವಿಷಯ ಹೇಳ್ತಾರಲ್ಲ, ಹಂಗೆ.

ವೇಟ್‌ಲಿಫ್ಟಿಂಗೇ ಯಾಕೆ ಅಂತ ಕೇಳ್ದೆ. ಅವರು ಕಾಲಲ್ಲಿ ನೆಲದ ಮೇಲೆ ಚೌಕ ಬರೆದು ತೋರ್ಸಿದ್ರು. 4 ಮೀಟರ್ ಉದ್ದ 4 ಮೀಟರ್ ಅಗಲ, ಪ್ಲಾಟ್‌ಫಾರ್ಮಿಗೆ ಅಷ್ಟೇ ಬೇಕಿರೋದು. ಫುಟ್‌ಬಾಲಿಗೆ ಮೈದಾನ ಬೇಕು, ಈಜಿಗೆ ಕೊಳ ಬೇಕು, ಓಟಕ್ಕೆ ಟ್ರ್ಯಾಕ್ ಬೇಕು, ಹನ್ನೊಂದು ಜನ ಬೇಕು, ಎದುರಾಳಿ ತಂಡ ಬೇಕು, ವಿಮಾನ ಹತ್ತಿ ಹೋಗ್ಬೇಕು. ಭಾರಕ್ಕೆ ಯಾರೂ ಬೇಡ. ನೌರುವಿನಲ್ಲಿ 100 ಕೆಜಿ ಅಂದ್ರೆ ಲಂಡನ್ನಲ್ಲೂ 100 ಕೆಜಿನೇ. ನಂಗೆ ಮೈ ಜುಮ್ ಅಂತು, ಯಾಕಂದ್ರೆ ಉಜಿರೆಯಲ್ಲಿ ನಾವು ಮಾಡ್ತಿದ್ದಿದ್ದೂ ಅದೇ. ದೊಡ್ಡ ಊರು, ದೊಡ್ಡ ಸ್ಟೇಡಿಯಂ ಯಾವುದೂ ಇರ್ಲಿಲ್ಲ, ಒಂದು ಹಾಲ್, ಒಂದಿಷ್ಟು ಬಾರು, ಹೇಳಿಕೊಡೋಕೆ ಒಬ್ರು. ಗಾಡಿ ಓಡಿಸೋರ ಮಗ ಗುರುರಾಜ ಅಲ್ಲಿಂದ್ಲೇ ಇಲ್ಲಿಗೆ ಬಂದು ಮೊನ್ನೆ ನನ್ನ ಕಣ್ಮುಂದೆ ಕಂಚು ತಗೊಂಡಿದ್ದು.

ನಮ್ಮ ಸೀನಿಯರ್ ಹೇಳಿದ್ದ ಆ ಭಾರ ಎತ್ತಿದ ಅಧ್ಯಕ್ಷ ಮಾರ್ಕಸ್ ಸ್ಟೀಫನ್ ಬಗ್ಗೆ ಕೇಳಿದ್ರೆ ಅವರ ಮುಖ ಅರಳ್ತು. 1990ರ ಆಕ್ಲೆಂಡ್ ಗೇಮ್ಸ್, ನೌರು ಮೊದಲ ಸಲ ಬಂದಿದ್ದು ಅದಕ್ಕೇ, ಆತ ಸ್ನ್ಯಾಚಲ್ಲಿ ಚಿನ್ನ ತಗೊಂಡ. 1992ರ ಒಲಿಂಪಿಕ್ಸಿಗೆ ನೌರುಗೆ ಮಾನ್ಯತೆ ಸಿಕ್ಕ ಒಲಿಂಪಿಕ್ ಕಮಿಟಿ ಇರ್ಲಿಲ್ಲ, ಅದಕ್ಕೆ ಸಮೋವಾ ಪರವಾಗಿ ಬಾರ್ಸಿಲೋನಾದಲ್ಲಿ ಆಡಬೇಕಾಯ್ತು. ಆಮೇಲೆ ಮಾನ್ಯತೆ ಸಿಕ್ಕಿ 1996ರಲ್ಲಿ ಅಟ್ಲಾಂಟಕ್ಕೆ ತಮ್ಮದೇ ಬಾವುಟದಲ್ಲಿ ಹೋದ್ರು. ಕಾಮನ್‌ವೆಲ್ತಲ್ಲಿ ಒಟ್ಟು 7 ಚಿನ್ನ ಆತನ ಹೆಸರಲ್ಲಿ, 2007ರಿಂದ 2011ರ ತನಕ ದೇಶದ ಅಧ್ಯಕ್ಷ. ಆಕ್ಲೆಂಡಿನ ಸುದ್ದಿ ಬಂದ ದಿನ ಜನ ಕಾರು ಬೈಕ್ ತಗೊಂಡು ಆ ಒಂದೇ ರಸ್ತೆಯಲ್ಲಿ ಹಾರ್ನ್ ಹೊಡಿತಾ ಸುತ್ತಿದ್ದೇ ಸುತ್ತಿದ್ದಂತೆ, ಈಕೆ ಆಗ ಹುಡುಗಿ, ಪಿಕಪ್ ಹಿಂದೆ ನಿಂತು ಎಷ್ಟು ಸುತ್ತು ಅಂತ ಲೆಕ್ಕ ತಪ್ಪಿತ್ತು ಅಂದ್ರು.

ಹೋಗುವಾಗ ತಮ್ಮ ಲ್ಯಾನ್‌ಯಾರ್ಡಿಂದ ಒಂದು ಪಿನ್ ಬಿಚ್ಚಿ ನನ್ನ ಶರ್ಟಿಗೆ ಚುಚ್ಚಿದ್ರು. ಸಣ್ಣದು, ಉಗುರಿನಷ್ಟು, ಅದೇ ನೀಲಿ, ಹಳದಿ ಗೆರೆ, ನಕ್ಷತ್ರ. ಬದಲಿಗೆ ಕೊಡೋಕೆ ನನ್ನ ಹತ್ರ ಪಿನ್ ಇರ್ಲಿಲ್ಲ. ಬ್ಯಾಗಲ್ಲಿ ಅಮ್ಮ ಕಟ್ಟಿಕೊಟ್ಟ ಹಲಸಿನ ಹಪ್ಪಳದ ಪ್ಯಾಕೆಟ್ ಇತ್ತು, ಕಾಯ್ಸೋದು ಹೇಗೆ ಅಂತ ಹೇಳಿ ಅದನ್ನೇ ಕೊಟ್ಟೆ. ಇಂಥ ಗೇಮ್ಸಿಗೆ ಹೋಗೋರು ನಿಮ್ಮ ಊರಿನ ಏನಾದ್ರೂ ಸಣ್ಣ ಸಾಮಾನು ಒಂದಿಪ್ಪತ್ತು ಇಟ್ಕೊಂಡು ಹೋಗಿ, ಪಿನ್ ಬದಲಾಯ್ಸ್ಕೊಳ್ಳೋದು ಅಲ್ಲಿ ದೊಡ್ಡ ಸಂಪ್ರದಾಯ, ಮಾತು ಶುರು ಆಗೋದೇ ಅದರಿಂದ.

ಮಧ್ಯಾಹ್ನ ಪುರುಷರ 96 ಕೆಜಿಗೂ ಟಿಕೆಟ್ ಇತ್ತು. ಸಮೋವಾದ ಡಾನ್ ಒಪೆಲೊಗೆ 381 ಕೆಜಿ ಎತ್ತಿ ಚಿನ್ನ, ನಮ್ಮ ವಿಕಾಸ್ ಠಾಕೂರ್ 346ರಲ್ಲಿ ಬೆಳ್ಳಿ, ಕಂಚು ಫಿಜಿಗೆ. ಲಾನ್ ಬೌಲ್ಸಲ್ಲಿ ನಮ್ಮ ನಾಲ್ವರು ದಕ್ಷಿಣ ಆಫ್ರಿಕಾವನ್ನ 17-10ಕ್ಕೆ ಸೋಲಿಸಿ ಚಿನ್ನ ಗೆದ್ದ ಸುದ್ದಿಯೂ ಅದೇ ಮಧ್ಯಾಹ್ನ ಫೋನಿಗೆ ಬಂತು, ಹಾಲಲ್ಲಿ ಗೊತ್ತಿಲ್ದೇ ಇರೋರೆಲ್ಲಾ ಕೈ ಕುಲುಕಿದ್ರು.

ಆಗಸ್ಟ್ 7, ಭಾನುವಾರ

ನಡುವಿನ ದಿನಗಳು ಅಕ್ಕನ ಮಕ್ಕಳ ಜೊತೆ, ಮನೆ, ಪೇಟೆ. ಆ ವಾರದಲ್ಲೇ ನಿಯುವೆಯ ಬಾಕ್ಸರ್ ಡ್ಯೂಕನ್ ಟುಟಕಿಟೊವಾ ವಿಲಿಯಮ್ಸ್ ಕಂಚು ಗೆದ್ದ, ಕಾಮನ್‌ವೆಲ್ತ್ ಗೇಮ್ಸಿನ ಚರಿತ್ರೆಯಲ್ಲೇ ಆ ದೇಶಕ್ಕೆ ಮೊದಲ ಮೆಡಲ್, ಅದನ್ನ ಟಿವಿಲಿ ಮಾತ್ರ ನೋಡಿದ್ದು.

ಭಾನುವಾರ ಬೆಳಿಗ್ಗೆ ಅಲೆಕ್ಸಾಂಡರ್ ಸ್ಟೇಡಿಯಂ, ಅಥ್ಲೆಟಿಕ್ಸ್. ಹ್ಯಾಂಡ್ಸ್‌ವರ್ತ್ ಕಡೆಯಿಂದ ಪೆರಿ ಬಾರಿಗೆ ಬಸ್ಸು, ಪಕ್ಕದಲ್ಲಿ ಟೋಪಿ ಹಾಕಿದ ಅಜ್ಜಿ, ತೊಡೆ ಮೇಲೆ ಸ್ಟೀಲ್ ಡಬ್ಬಿ. ನನ್ನ ಶರ್ಟಿನ ಪಿನ್ ನೋಡಿ ಯಾವ ದೇಶ ಅಂದ್ರು. ಹೇಳ್ದೆ. ತಮ್ಮದು ನೆವಿಸ್ ಅಂದ್ರು, ವೆಸ್ಟ್ ಇಂಡೀಸ್ ಕಡೆಯ ಸೇಂಟ್ ಕಿಟ್ಸ್ ಅಂಡ್ ನೆವಿಸ್ ದೇಶದ ಚಿಕ್ಕ ಅರ್ಧ. ಅರವತ್ತರ ದಶಕದಲ್ಲಿ ಇಲ್ಲಿಗೆ ನರ್ಸ್ ಆಗಿ ಬಂದಿದ್ದಂತೆ. 2002ರಲ್ಲಿ ಮ್ಯಾಂಚೆಸ್ಟರ್ ಗೇಮ್ಸಲ್ಲಿ ಕಿಮ್ ಕಾಲಿನ್ಸ್ 100 ಮೀಟರ್ ಚಿನ್ನ ಗೆದ್ದಾಗ ಸ್ಟೇಡಿಯಮಲ್ಲಿ ಇದ್ದೆ, ಮರು ವರ್ಷ ಆತ ವರ್ಲ್ಡ್ ಚಾಂಪಿಯನ್ನೂ ಆದ, ಅಲ್ಲಿ ತನಕ ಆಸ್ಪತ್ರೆಲಿ ನೀವು ಜಮೈಕಾದವರಾ ಅಂತ ಕೇಳ್ತಿದ್ರು, ಆಮೇಲೆ ಎಷ್ಟೋ ಜನ ಕಿಮ್ ಊರಿನವರಾ ಅಂತ ಕೇಳಿದ್ರು ಅಂದ್ರು. ಡಬ್ಬಿ ತೆಗೆದು ಜಾನಿ ಕೇಕ್ ಕೊಟ್ರು. ಕೇಕ್ ಅಂತ ಹೆಸರಷ್ಟೇ, ಮೈದಾ ಕಲಸಿ ಉಂಡೆ ಮಾಡಿ ಎಣ್ಣೇಲಿ ಕರಿದದ್ದು, ಹೊರಗೆ ಗರಿ ಒಳಗೆ ಹತ್ತಿ, ನಮ್ಮ ಮಂಗಳೂರು ಬನ್ಸಿಗೆ ಬಾಳೆಹಣ್ಣು ಹಾಕೋದು ಮರೆತ್ರೆ ಹೇಗಿರುತ್ತೋ ಹಂಗೆ. ಮೂರು ತಿಂದೆ. ಬಸ್ ಇಳಿದು ಸ್ಟೇಡಿಯಮ್ಮಿಗೆ ಒಳ್ಳೆ ನಡಿಗೆ ಇದೆ, ಬಿಸಿಲಿತ್ತು, ಅಜ್ಜಿಯ ಕೈ ಹಿಡ್ಕೊಂಡು ನಿಧಾನಕ್ಕೆ ಹೋದ್ವಿ. ಆ ಸ್ಟ್ಯಾಂಡುಗಳಲ್ಲಿ ನೆರಳಿಲ್ಲದ ಕಡೆ ಜಾಸ್ತಿ, ಟೋಪಿ ಬೇಕೇ ಬೇಕು.

ಟ್ರಿಪಲ್ ಜಂಪ್ ಫೈನಲ್. ನಮ್ಮೋರು ಮೂವರು. ಎಲ್ದೋಸ್ ಪೌಲ್ ಮೂರನೇ ಜಿಗಿತದಲ್ಲಿ 17.03, ಅಬ್ದುಲ್ಲಾ ಅಬೂಬಕರ್ ಐದನೇದರಲ್ಲಿ 17.02. ಇಬ್ರೂ ಕೇರಳದ ಹುಡುಗ್ರು, ಮಧ್ಯೆ ಒಂದೇ ಸೆಂಟಿಮೀಟರ್. ಪ್ರವೀಣ್ ಚಿತ್ರವೇಲ್ 16.89. ಮೂರೂ ಮೆಡಲ್ ನಮ್ಮದೇ ಅಂತ ಇಡೀ ಸ್ಟ್ಯಾಂಡ್ ಎದ್ದು ನಿಂತಿತ್ತು, ಆದ್ರೆ ಮಧ್ಯೆ ಬರ್ಮುಡಾದ ಜಾ ನಾಯ್ ಪೆರಿಂಚೀಫ್ ಇದ್ದ, 16.92. ಮೂರು ಸೆಂಟಿಮೀಟರ್. ಬೆರಳಲ್ಲಿ ತೋರ್ಸಿದ್ರೆ ಇಷ್ಟೇ. ಪ್ರವೀಣ್ ಮರಳ ಮೇಲೆ ಕೂತು ಬೋರ್ಡ್ ನೋಡ್ತಾ ಇದ್ದ ಮುಖ ಮರೆಯೋಕಾಗಲ್ಲ. ಮೂರೂ ಮೆಡಲ್ ಸಿಗೋ ಕನಸು ಒಡೆದಿದ್ದಕ್ಕೆ ಸುತ್ತ ಇದ್ದೋರು ಬೇಸರ ಮಾಡ್ಕೊಂಡ್ರು. ಅಜ್ಜಿ ಮಾತ್ರ ಬರ್ಮುಡಾ ಬರ್ಮುಡಾ ಅಂತ ಕೈ ತಟ್ತಾ ಇದ್ರು, ಅದು ಅವರ ದೇಶವೂ ಅಲ್ಲ. ನಾನೂ ತಟ್ಟಿದೆ. ಪೋಡಿಯಂ ಮೇಲೆ ನೂರನಲವತ್ತು ಕೋಟಿ ಜನರ ದೇಶದವರು ಇಬ್ರು, ಪಕ್ಕದಲ್ಲಿ ಕುಂದಾಪುರ ಪೇಟೆ ಅಕ್ಕಪಕ್ಕದ ಊರು ಸೇರ್ಸಿದಷ್ಟು ಜನ ಇರೋ ದೇಶದ ಒಬ್ಬ, ಮೂವರೂ ಹೆಗಲ ಮೇಲೆ ಕೈ ಹಾಕ್ಕೊಂಡು ಫೋಟೋಗೆ ನಿಂತ್ರು.

ಊರಿಗೆ ಬಂದ ಮೇಲೆ ಒಂದು ಭಾನುವಾರ ಉಜಿರೆಗೆ ಹೋಗಿದ್ದೆ. ಹಾಲ್ ಅದೇ, ವಾಸನೆ ಅದೇ, ಹುಡುಗ್ರು ಮಾತ್ರ ಹೊಸಬರು. ಪಿನ್ ಬಿಚ್ಚಿ ಅಲ್ಲಿನ ನೋಟಿಸ್ ಬೋರ್ಡಿಗೆ ಚುಚ್ಚಿದೆ. ಒಬ್ಬ ಹುಡುಗಿ, ಕೈ ತುಂಬ ಚಾಕ್, ಹೆಬ್ಬೆರಳಿಗೆ ಟೇಪ್, ಬಂದು ಇದ್ಯಾವ ದೇಶ ಅಣ್ಣ ಅಂದ್ಲು. ಫೋನಲ್ಲಿ ಮ್ಯಾಪ್ ತೆಗೆದು ಪೆಸಿಫಿಕ್ ಸಮುದ್ರದ ಮೇಲೆ ಬೆರಳಿಟ್ಟು ಝೂಮ್ ಮಾಡ್ತಾ ಹೋದೆ, ಮಾಡ್ತಾ ಹೋದೆ, ಸುಮಾರು ಹೊತ್ತು ಬರೀ ನೀಲಿನೇ ಇತ್ತು, ಅವಳು ಬಗ್ಗಿ ನೋಡ್ತಾ ನಿಂತಿದ್ಲು, ಆಮೇಲೆ ಒಂದು ಚುಕ್ಕಿ ಕಾಣ್ತು, ಅದರ ಸುತ್ತ ಒಂದು ರಸ್ತೆ.